ಓನರ್ ಇಲ್ಲದ ನ್ಯೂಸ್‌ಗ್ರೂಪ್, ಓನರ್ ಇರುವ ಫೋರಮ್

2024ರ ಫೆಬ್ರವರಿ 22ರಂದು ಗೂಗಲ್ ಎರಡು ಕೆಲಸ ಮಾಡಿತು. ನ್ಯೂಸ್‌ಗ್ರೂಪ್ ಎಂಬ ವಿಷಯವಾರು ಗುಂಪುಗಳಲ್ಲಿ ಜನ ಬರೆದು ಚರ್ಚಿಸುವ ಯೂಸ್‌ನೆಟ್ ಎಂಬ ಹಳೇ ಜಾಲಕ್ಕೆ ತನ್ನ ಗೂಗಲ್ ಗ್ರೂಪ್ಸ್ ತಾಣದಿಂದ ಇದ್ದ ಸಂಪರ್ಕವನ್ನು ಕಡಿದುಹಾಕಿತು. ಅದೇ ದಿನ ರೆಡಿಟ್ ಎಂಬ ದೊಡ್ಡ ಚರ್ಚಾ ತಾಣದ ಜೊತೆ ಹೊಸ ಒಪ್ಪಂದ ಘೋಷಿಸಿತು. ಅಲ್ಲಿ ಜನ ಬರೆದ ಮಾತುಗಳನ್ನೆಲ್ಲ ಪಡೆಯಲು ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಕೊಡುತ್ತದೆ ಎಂದು ಆಗ ಪತ್ರಿಕೆಗಳಲ್ಲಿ ಬಂತು.

ಮೊದಲನೇ ಸುದ್ದಿ ಓದಿದ ಹೆಚ್ಚಿನವರು ಕೇಳಿದ್ದು ಒಂದೇ: ಅಯ್ಯೋ, ಯೂಸ್‌ನೆಟ್ ಇನ್ನೂ ಬದುಕಿತ್ತಾ? ಬದುಕಿತ್ತು. ಈಗಲೂ ಬದುಕಿದೆ. ಗೂಗಲ್ ಎದ್ದು ಹೋದರೂ ಅದು ಮುಚ್ಚಲಿಲ್ಲ. ಅಲ್ಲಿನ ಸ್ಪ್ಯಾಮ್‌ನಲ್ಲಿ ದೊಡ್ಡ ಪಾಲು ಗೂಗಲ್ ಗ್ರೂಪ್ಸ್ ಮೂಲಕವೇ ಬರುತ್ತಿತ್ತು, ಹಾಗಾಗಿ ಉಳಿದುಕೊಂಡವರಿಗೆ ಸ್ವಲ್ಪ ನೆಮ್ಮದಿಯೇ ಆಯಿತು.

ನ್ಯೂಸ್‌ಗ್ರೂಪ್ ಒಳ್ಳೆಯದಾ, ಒಂದೇ ವೆಬ್‌ಸೈಟಿನೊಳಗೆ ಚರ್ಚೆ ನಡೆಯುವ ವೆಬ್ ಫೋರಮ್ ಒಳ್ಳೆಯದಾ ಅನ್ನುವ ಜಗಳ ಹಳೆಯದು. ಇಪ್ಪತ್ತೈದು ವರ್ಷದ ಹಿಂದೆ ಇದರ ಮೇಲೆ ಜನ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಆ ಜಗಳದಲ್ಲಿ ಬರುತ್ತಿದ್ದ ವಿಷಯವೆಲ್ಲ ಮೇಲುಮೇಲಿನದು: ಯಾವುದು ಬೇಗ ತೆರೆದುಕೊಳ್ಳುತ್ತದೆ, ಯಾವುದರಲ್ಲಿ ಫೋಟೋ ಹಾಕಬಹುದು, ಯಾವುದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಒಂದೇ. ಬರೆದದ್ದು ಯಾರ ಕಂಪ್ಯೂಟರ್‌ನಲ್ಲಿ ಇರುತ್ತದೆ, ಅದರ ಕೀಲಿ ಯಾರ ಕೈಲಿರುತ್ತದೆ. ಉಳಿದ ಒಳ್ಳೆಯದು ಕೆಟ್ಟದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಯೂಸ್‌ನೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಇದನ್ನು ಯೋಚಿಸಿದರು. ಒಂದು ಯುನಿಕ್ಸ್ ಕಂಪ್ಯೂಟರ್ ಫೋನ್ ಲೈನ್ ಮೇಲೆ ಇನ್ನೊಂದಕ್ಕೆ ಡಯಲ್ ಮಾಡಿ ಹೊಸ ಮಾತುಗಳನ್ನು ದಾಟಿಸುವುದು, ಅಷ್ಟೇ ಐಡಿಯಾ. ಇಂಟರ್ನೆಟ್ ಬಂದ ಮೇಲೆ ಫೋನ್ ಹೋಯಿತು, 1986ರಲ್ಲಿ ಎನ್‌ಎನ್‌ಟಿಪಿ ಎಂಬ, ಪೋಸ್ಟ್ ದಾಟಿಸುವ ಹೊಸ ವಿಧಾನ ಬಂತು, ಆದರೆ ಮೂಲ ಲೆಕ್ಕಾಚಾರ ಬದಲಾಗಲಿಲ್ಲ.

ನೀವೊಂದು ಪೋಸ್ಟ್ ಬರೆದಿರಿ ಅಂದುಕೊಳ್ಳಿ. ಅದು ಮೊದಲು ನಿಮ್ಮ ಕಾಲೇಜಿನದೋ ಕಂಪನಿಯದೋ ಸರ್ವರ್‌ಗೆ ಹೋಗುತ್ತದೆ. ಅದಕ್ಕೆ ಒಂದು ಐಡಿ ಇರುತ್ತದೆ, ಜಗತ್ತಿನಲ್ಲಿ ಇನ್ಯಾವ ಪೋಸ್ಟ್‌ಗೂ ಆ ಐಡಿ ಇರುವುದಿಲ್ಲ. ನಿಮ್ಮ ಸರ್ವರ್ ಪಕ್ಕದ ಸರ್ವರ್ ಅನ್ನು ಕೇಳುತ್ತದೆ: ಈ ಐಡಿ ನಿನ್ನ ಹತ್ತಿರ ಇದೆಯಾ? ಇಲ್ಲ ಅಂದರೆ ಪೂರ್ತಿ ಪೋಸ್ಟ್ ಅದಕ್ಕೆ ಹೋಗುತ್ತದೆ. ಅದು ತನ್ನ ಹೆಸರನ್ನು ಪೋಸ್ಟ್‌ನ ತಲೆಯಲ್ಲಿರುವ ದಾರಿಯ ಸಾಲಿಗೆ ಸೇರಿಸಿ ತನ್ನ ಪಕ್ಕದವರನ್ನು ಕೇಳುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ಆ ಗ್ರೂಪ್ ಇಟ್ಟುಕೊಂಡ ಎಲ್ಲ ಸರ್ವರ್‌ಗಳಲ್ಲೂ ಒಂದೊಂದು ಪೂರ್ತಿ ಪ್ರತಿ ಕೂರುತ್ತದೆ. ಇದರಲ್ಲಿ ಮೂಲ ಪ್ರತಿ ಯಾವುದು? ಯಾವುದೂ ಅಲ್ಲ, ಎಲ್ಲವೂ ಹೌದು. ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರ ಮೇ 20ರಂದು ತನ್ನ ಸರ್ವರ್ ಆಫ್ ಮಾಡಿತು. ಯೂಸ್‌ನೆಟ್‌ಗೆ ಅದರಿಂದ ಏನೂ ಆಗಲಿಲ್ಲ.

ಹಳೆಯದು ಉಳಿದದ್ದೂ ಹೀಗೇ. ಟೊರೊಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗೆ ತನ್ನ ಸರ್ವರ್‌ಗೆ ಬಂದ ಪೋಸ್ಟ್‌ಗಳನ್ನು ಮ್ಯಾಗ್ನೆಟಿಕ್ ಟೇಪ್‌ಗೆ ತುಂಬಿಸುತ್ತಾ ಹೋದ. 141 ಟೇಪ್. ಯಾರೂ ಹೇಳಿರಲಿಲ್ಲ, ಯಾರ ಅನುಮತಿಯೂ ಬೇಕಿರಲಿಲ್ಲ, ಯಾಕಂದರೆ ಪೋಸ್ಟ್‌ಗಳು ಹೇಗೂ ಅವನ ಕಂಪ್ಯೂಟರ್‌ಗೇ ಬರುತ್ತಿದ್ದವು. 2001ರಲ್ಲಿ ಗೂಗಲ್ ತನ್ನ ಇಪ್ಪತ್ತು ವರ್ಷದ ಸಂಗ್ರಹ ತೆರೆದಾಗ ಮೊದಲ ಹತ್ತು ವರ್ಷದ ಬಹುಪಾಲು ಸಿಕ್ಕಿದ್ದು ಈ ಟೇಪ್‌ಗಳಿಂದ.

ಓದುವ ಅನುಭವವೂ ಬೇರೆ. ನ್ಯೂಸ್‌ಗ್ರೂಪ್ ಓದುವ ಸಾಫ್ಟ್‌ವೇರ್, ಅಂದರೆ ನ್ಯೂಸ್‌ರೀಡರ್, ನಿಮ್ಮ ಕಂಪ್ಯೂಟರ್‌ನಲ್ಲಿರುತ್ತದೆ. ಯಾರು ಯಾರಿಗೆ ಉತ್ತರ ಕೊಟ್ಟರು ಅನ್ನೋದು ಕೊಂಬೆ ಕೊಂಬೆಯಾಗಿ ಕಾಣುತ್ತದೆ, ಓದಿದ್ದು ಮತ್ತೆ ಎದುರಿಗೆ ಬರುವುದಿಲ್ಲ, ಒಬ್ಬರ ಮಾತು ಸಾಕಪ್ಪ ಅನ್ನಿಸಿದರೆ ಕಿಲ್‌ಫೈಲ್‌ಗೆ ಅವರ ಹೆಸರು ಹಾಕಿದರೆ ಮುಗಿಯಿತು. ಅವರು ಬರೆಯುತ್ತಲೇ ಇರುತ್ತಾರೆ, ನಿಮಗೆ ಕಾಣುವುದಿಲ್ಲ. ಲೈನ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ ಕಾಲಕ್ಕೆ ಇನ್ನೊಂದು ಲಾಭವಿತ್ತು. ಕನೆಕ್ಟ್ ಆಗಿ ಪೋಸ್ಟ್‌ಗಳನ್ನು ಇಳಿಸಿಕೊಂಡು, ಲೈನ್ ಕಟ್ ಮಾಡಿ, ಆರಾಮಾಗಿ ಓದಿ ಉತ್ತರ ಬರೆದಿಟ್ಟು, ಮತ್ತೆ ಕನೆಕ್ಟ್ ಆಗಿ ಕಳಿಸಬಹುದಿತ್ತು. ಭಾರತದಲ್ಲಿ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಿಂದ. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಕಡಿಮೆ ದರದ ಶೆಲ್ ಅಕೌಂಟ್‌ನಲ್ಲಿ ಚಿತ್ರ ಇಲ್ಲ, ಬರೀ ಅಕ್ಷರ. ನ್ಯೂಸ್‌ಗ್ರೂಪ್‌ಗೆ ಅಷ್ಟೇ ಸಾಕಿತ್ತು.

ಆದರೆ ಆ ಅಕ್ಷರ ಕನ್ನಡದ್ದಲ್ಲ. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅಂತ ನಮ್ಮದೇ ಒಂದು ನ್ಯೂಸ್‌ಗ್ರೂಪ್ ಇತ್ತು. ಕನ್ನಡ ಬರೆಯಬೇಕು ಅಂದರೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ದೊಡ್ಡಕ್ಷರದ ಡಿ ಹಾಕಿದರೆ ಡ, ಚಿಕ್ಕಕ್ಷರದ್ದು ಹಾಕಿದರೆ ದ, ಹೀಗೆ ಲೆಕ್ಕ. ಅಭ್ಯಾಸ ಇದ್ದವರಿಗೆ ಪರವಾಗಿಲ್ಲ. ಆದರೆ ಶಾಲೆಯಲ್ಲಿ ಕನ್ನಡ ಓದಿ, ಪತ್ರಿಕೆಯಲ್ಲಿ ಕನ್ನಡ ನೋಡಿ ಬೆಳೆದವರಿಗೆ ಒಂದು ಪ್ಯಾರಾ ಓದುವಷ್ಟರಲ್ಲಿ ಸುಸ್ತು.

ಇಲ್ಲಿ ವೆಬ್ ಫೋರಮ್ ಗೆದ್ದಿತು, ಅದೂ ಸುಮ್ನೆ ಗೆದ್ದದ್ದಲ್ಲ. ವೆಬ್ ಪುಟ ತನ್ನ ಜೊತೆಗೇ ಫಾಂಟ್ ಹೊತ್ತು ತರಬಹುದು, ಬರೆಯುವ ಡಬ್ಬಿಯೊಳಗೇ ಕನ್ನಡ ಟೈಪಿಂಗ್ ಕೂರಿಸಬಹುದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಜೊತೆ ಬಂದ ಮೇಲೆ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆಗಿರುವ ಸಂಕೇತದ ಕನ್ನಡ, ನಿಧಾನಕ್ಕೆ ಮನೆ ಮನೆಯ ಕಂಪ್ಯೂಟರ್‌ನಲ್ಲಿ ಕಾಣತೊಡಗಿತು. 2005ರಲ್ಲಿ ಸಂಪದ ಎಂಬ ಕನ್ನಡ ತಾಣ ಶುರುವಾಯಿತು. ಕನ್ನಡದವರು ಕನ್ನಡ ಲಿಪಿಯಲ್ಲೇ ಕೂತು ಹರಟೆ ಹೊಡೆಯಲು, ಜಗಳ ಆಡಲು, ಕಥೆ ಹಾಕಲು ಜಾಗ ಸಿಕ್ಕಿದ್ದು ಇಂಥ ತಾಣಗಳಿಂದ. ನ್ಯೂಸ್‌ಗ್ರೂಪ್ ಎಷ್ಟೇ ಚೆನ್ನಾಗಿದ್ದರೂ ನಮಗೆ ಅದು ಬೇರೆಯವರ ಅಕ್ಷರದ ಜಾಗವಾಗಿಯೇ ಉಳಿಯಿತು. ಯೂಸ್‌ನೆಟ್ ಅಭಿಮಾನಿಗಳು ಹಳೇ ದಿನದ ಗುಣಗಾನ ಮಾಡುವಾಗ ಈ ಮಾತು ಎತ್ತುವುದೇ ಇಲ್ಲ.

ಯೂಸ್‌ನೆಟ್ ಖಾಲಿಯಾಗಲು ಇನ್ನೊಂದು ದೊಡ್ಡ ಕಾರಣ ಕಸ. ಹಿಂದೆಲ್ಲ ಪ್ರತಿ ಸೆಪ್ಟೆಂಬರ್‌ಗೆ ಅಮೆರಿಕದ ಕಾಲೇಜುಗಳಿಗೆ ಹೊಸ ಹುಡುಗರು ಬಂದು ಯೂಸ್‌ನೆಟ್‌ನಲ್ಲಿ ಗಲಾಟೆ ಎಬ್ಬಿಸುತ್ತಿದ್ದರು, ಹಳಬರು ಬೈದು ಬುದ್ಧಿ ಹೇಳಿ ಒಂದು ತಿಂಗಳಲ್ಲಿ ದಾರಿಗೆ ತರುತ್ತಿದ್ದರು. ಎಒಎಲ್‌ನಂಥ ಇಂಟರ್ನೆಟ್ ಕಂಪನಿಗಳು ತಮ್ಮ ಗಿರಾಕಿಗಳನ್ನೆಲ್ಲ ಒಳಗೆ ಬಿಟ್ಟ ಮೇಲೆ ಬುದ್ಧಿ ಹೇಳುವವರು ಸಾಲದೆ ಹೋದರು. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಅಂತ ಹಳಬರು ಈಗಲೂ ಗೊಣಗುತ್ತಾರೆ. ಇವತ್ತು ಬರೀ ಅಕ್ಷರದ ಗ್ರೂಪ್‌ಗಳಿಗೆ ಬಿಟ್ಟಿ ಅಕೌಂಟ್ ಕೊಡುವ ಒಂದು ಸರ್ವರ್‌ಗೆ ಎಟರ್ನಲ್ ಸೆಪ್ಟೆಂಬರ್, ಮುಗಿಯದ ಸೆಪ್ಟೆಂಬರ್ ಅಂತಲೇ ಹೆಸರು.

1994ರ ಏಪ್ರಿಲ್‌ನಲ್ಲಿ ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗ್ರೂಪ್‌ಗಳಿಗೆ ಒಟ್ಟಿಗೆ ಸುರಿದರು. ಯಾರು ತಡೆಯಬೇಕು? ಓನರ್ ಇಲ್ಲವಲ್ಲ. ಪೋಸ್ಟ್ ಅಳಿಸಲು ಕ್ಯಾನ್ಸಲ್ ಸಂದೇಶ ಅಂತ ಒಂದಿತ್ತು, ಆದರೆ ಅದನ್ನು ಬೇರೆಯವರ ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದಿತ್ತು. ಅಂದರೆ ಕಸ ಗುಡಿಸಲು ಇದ್ದ ಪೊರಕೆಯೇ ಒಳ್ಳೆಯ ಪೋಸ್ಟ್ ಅಳಿಸುವ ಕಿಡಿಗೇಡಿಗೂ ಸಿಗುತ್ತಿತ್ತು. ಬಹಳ ಸರ್ವರ್‌ಗಳು ಕ್ಯಾನ್ಸಲ್ ಸಂದೇಶವನ್ನು ಕಿವಿಗೇ ಹಾಕಿಕೊಳ್ಳದಂತಾದವು. ಆಮೇಲೆ ಸಿನಿಮಾ, ಸಾಫ್ಟ್‌ವೇರ್‌ಗಳ ಕಳ್ಳ ಪ್ರತಿಗಳು ಫೈಲ್ ಹಂಚುವ ಆಲ್ಟ್.ಬೈನರೀಸ್ ಗ್ರೂಪ್‌ಗಳಲ್ಲಿ ತುಂಬಿಕೊಂಡವು. ಡಿಸ್ಕ್ ಖರ್ಚು ಏರಿತು, ಕಾನೂನಿನ ಭಯವೂ ಸೇರಿತು, ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಕೈ ತೊಳೆದುಕೊಂಡವು.

ಫೋರಮ್ ಇದಕ್ಕೆಲ್ಲ ಒಂದೇ ಉತ್ತರ ಕೊಟ್ಟಿತು: ಬಾಗಿಲಲ್ಲಿ ಒಬ್ಬ ಆಳು. 2000ದಲ್ಲಿ ಪಿಎಚ್‌ಪಿಬಿಬಿ ಎಂಬ ಬಿಟ್ಟಿ ಫೋರಮ್ ಸಾಫ್ಟ್‌ವೇರ್ ಬಂದ ಮೇಲೆ ತಿಂಗಳಿಗೆ ಕೆಲವು ಡಾಲರ್ ಹೋಸ್ಟಿಂಗ್ ಇದ್ದವರೆಲ್ಲ ಫೋರಮ್ ತೆರೆದರು. ಅಡ್ಮಿನ್ ಪೋಸ್ಟ್ ಅಳಿಸಬಹುದು, ತಿದ್ದಬಹುದು, ಚರ್ಚೆಗೆ ಬೀಗ ಹಾಕಬಹುದು, ಒಬ್ಬರನ್ನು ಹೊರಗೆ ಕಳಿಸಬಹುದು. ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆ ಉದಾಹರಣೆ 2004ರಿಂದ ನಡೆಯುತ್ತಿರುವ ಟೀಮ್-ಬಿಎಚ್‌ಪಿ. ಕಾರಿನ ಫೋರಮ್. ಅಲ್ಲಿ ಸದಸ್ಯರಾಗಲು ಅರ್ಜಿ ಹಾಕಬೇಕು, ಎಸ್‌ಎಂಎಸ್ ಭಾಷೆಯಲ್ಲಿ ಬರೆಯುವಂತಿಲ್ಲ, ಕಾಗುಣಿತ ಸರಿಯಿರಬೇಕು. ಜಂಬ ಜಾಸ್ತಿ ಅಂತ ಬೈಯುವವರಿದ್ದಾರೆ. ಆದರೆ ಹತ್ತು ವರ್ಷದ ಹಿಂದಿನ ಕಾರಿನ ಕ್ಲಚ್ ಬಗ್ಗೆ ಹುಡುಕಿದರೆ ಕೆಲಸಕ್ಕೆ ಬರುವ ಉತ್ತರ ಸಿಗುವುದು ಅಲ್ಲೇ, ಅಲ್ವಾ?

ಆ ಆಳು ಕೂಡ ಒಬ್ಬ ಮನುಷ್ಯ, ಅಥವಾ ಒಂದು ಕಂಪನಿ. ಅಲ್ಲಿಂದಲೇ ಫೋರಮ್‌ನ ಕಷ್ಟ ಶುರು. ಮೈಕ್ರೋಸಾಫ್ಟ್‌ನದನ್ನೇ ನೋಡಿ. ತನ್ನ ಸಾಫ್ಟ್‌ವೇರ್‌ಗಳ ಬಗ್ಗೆ ಅದು ನಡೆಸುತ್ತಿದ್ದ ನ್ಯೂಸ್‌ಗ್ರೂಪ್‌ಗಳನ್ನು 2010ರಲ್ಲಿ ಮುಚ್ಚಿ, ಎಲ್ಲರೂ ವೆಬ್ ಫೋರಮ್‌ಗೆ ಬನ್ನಿ ಎಂದಿತು. ಜನ ಹೋದರು. ಹತ್ತು ವರ್ಷ ಕಳೆಯಿತು, ಎಂಎಸ್‌ಡಿಎನ್, ಟೆಕ್‌ನೆಟ್ ಎಂಬ ಅದರ ಆ ಫೋರಮ್‌ಗಳೂ ಮುಚ್ಚತೊಡಗಿದವು, ಈಗ ಎಲ್ಲರೂ ಪ್ರಶ್ನೋತ್ತರ ತಾಣಕ್ಕೆ ಬನ್ನಿ ಎಂದಿತು. ಪ್ರತಿ ಸಲ ಮನೆ ಬದಲಾಯಿಸಿದಾಗಲೂ ಹಳೇ ಲಿಂಕ್ ಒಂದಿಷ್ಟು ಕೆಡುತ್ತವೆ, ಹಳೇ ಜನ ಒಂದಿಷ್ಟು ಕಳೆದುಹೋಗುತ್ತಾರೆ. ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯ ಚರ್ಚಾ ಪುಟಗಳು 2017ರ ಫೆಬ್ರವರಿ 20ಕ್ಕೆ ಮುಚ್ಚಿದವು. ಸಿಕ್ಕ ನೋಟಿಸ್ ಎರಡೂವರೆ ವಾರದ್ದು, ಮೂರು ವಾರವೂ ಇಲ್ಲ. ಯಾಹೂ ಗ್ರೂಪ್ಸ್ ತನ್ನ ಹಳೇ ಸಂದೇಶಗಳನ್ನು ಅಳಿಸುವುದಾಗಿ 2019ರಲ್ಲಿ ಹೇಳಿ, 2020ರ ಡಿಸೆಂಬರ್‌ಗೆ ಪೂರ್ತಿ ಬಾಗಿಲು ಹಾಕಿತು.

ಓನರ್ ಬಾಗಿಲು ಹಾಕದಿದ್ದರೂ ಕೆಡುವುದುಂಟು. 2017ರಲ್ಲಿ, ಜನರ ಫೋಟೋ ಇಟ್ಟುಕೊಳ್ಳುವ ಫೋಟೋಬಕೆಟ್ ಕಂಪನಿ, ಬೇರೆ ತಾಣಗಳಲ್ಲಿ ನಿಮ್ಮ ಫೋಟೋ ಕಾಣಬೇಕಿದ್ದರೆ ವರ್ಷಕ್ಕೆ 399 ಡಾಲರ್ ಕೊಡಿ ಅಂದಿತು. ಕಾರು, ಮರಗೆಲಸ, ಹಳೇ ರೇಡಿಯೋ ರಿಪೇರಿ ಇಂಥ ಫೋರಮ್‌ಗಳಲ್ಲಿ ಜನ ಹಂತ ಹಂತವಾಗಿ ಫೋಟೋ ತೆಗೆದು ವಿವರಿಸಿದ್ದರು. ಒಂದೇ ಏಟಿಗೆ ಎಲ್ಲ ಫೋಟೋ ಜಾಗದಲ್ಲೂ ಅದೇ ಎಚ್ಚರಿಕೆ ಚಿತ್ರ. "ಕೆಳಗಿನ ಫೋಟೋದಲ್ಲಿ ತೋರಿಸಿದ ಸ್ಕ್ರೂ ಬಿಚ್ಚಿ" ಅನ್ನುವ ಸಾಲು ಇದೆ, ಸ್ಕ್ರೂ ಇಲ್ಲ.

ಇನ್ನು ಬರೆದ ಮಾತಿನ ಮೇಲೆ ಹಕ್ಕು. 2023ರ ಜೂನ್‌ನಲ್ಲಿ ರೆಡಿಟ್ ತನ್ನ ಎಪಿಐಗೆ, ಅಂದರೆ ಬೇರೆ ಆ್ಯಪ್‌ಗಳು ಅಲ್ಲಿನ ಮಾಹಿತಿ ಪಡೆಯುವ ದಾರಿಗೆ, ಬೆಲೆ ಕಟ್ಟಿದಾಗ ಸಾವಿರಾರು ಗುಂಪುಗಳ ಮಾಡರೇಟರ್‌ಗಳು ಪ್ರತಿಭಟಿಸಿ ಬಾಗಿಲು ಹಾಕಿದರು. ಬಾಗಿಲು ತೆಗೀತೀರಾ, ಇಲ್ಲ ನಿಮ್ಮ ಜಾಗಕ್ಕೆ ಬೇರೆಯವರನ್ನು ಹಾಕೋಣವಾ ಅನ್ನುವ ಮಟ್ಟಕ್ಕೆ ಕಂಪನಿ ಹೋಯಿತು. ಮುಂದಿನ ವರ್ಷವೇ ಗೂಗಲ್ ಜೊತೆ ಒಪ್ಪಂದ. 2024ರ ಮೇನಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ, ಎಐ ಕಂಪನಿ ಓಪನ್‌ಎಐ ಜೊತೆ ಕೈ ಜೋಡಿಸಿದಾಗ, ಸಿಟ್ಟಿಗೆದ್ದು ತಮ್ಮ ಉತ್ತರಗಳನ್ನು ಅಳಿಸಲು ಹೋದ ಕೆಲವರ ಅಕೌಂಟ್‌ಗಳನ್ನೇ ತಡೆಹಿಡಿದರು. ಯೂಸ್‌ನೆಟ್‌ನಲ್ಲಿ ಇಂಥ ವ್ಯಾಪಾರ ನಡೆಯುತ್ತಿರಲಿಲ್ಲ, ನಿಜ. ಆದರೆ ಅಲ್ಲಿ ಯಾರು ಬೇಕಾದರೂ ಎಲ್ಲವನ್ನೂ ಬಿಟ್ಟಿಯಾಗಿ ಹೊತ್ತುಕೊಂಡು ಹೋಗಬಹುದು. 1995ರಲ್ಲಿ ಡೆಜಾ ನ್ಯೂಸ್ ಎಂಬ ತಾಣ ಹಳೇ ಪೋಸ್ಟ್‌ಗಳನ್ನು ಹುಡುಕುವ ಸೌಲಭ್ಯ ಕೊಟ್ಟಾಗ ಜನ ಬೆಚ್ಚಿಬಿದ್ದು, ನನ್ನದನ್ನು ಸಂಗ್ರಹಿಸಬೇಡಿ ಅಂತ ಪೋಸ್ಟ್ ತಲೆಯಲ್ಲಿ ಒಂದು ಸಾಲು ಸೇರಿಸತೊಡಗಿದರು. ನನ್ನದನ್ನು ಅಳಿಸಿ ಮರೆತುಬಿಡಿ ಅಂತ ಕೇಳೋಣವೆಂದರೆ ಯೂಸ್‌ನೆಟ್‌ನಲ್ಲಿ ಓನರ್ ಅನ್ನುವವರೇ ಇಲ್ಲ.

ಕಾನೂನು ಕೂಡ ಈಗ ಓನರ್‌ನನ್ನೇ ಹುಡುಕುತ್ತದೆ. ನಮ್ಮ 2021ರ ಐಟಿ ನಿಯಮಗಳು ಬರುವಾಗಲೇ, ದೂರು ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು, 24 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, 15 ದಿನದಲ್ಲಿ ಇತ್ಯರ್ಥ ಮಾಡಬೇಕು ಎಂದವು. ಆಫೀಸು, ಲಾಯರು ಇರುವ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಫೋರಮ್ ನೋಡಿಕೊಳ್ಳುವವನಿಗೆ ದೊಡ್ಡ ಹೊರೆ. ಬ್ರಿಟನ್‌ನಲ್ಲಿ ಆನ್‌ಲೈನ್ ಸುರಕ್ಷತೆ ಕಾಯ್ದೆಯ ಹೊಣೆಗಳು 2025ರ ಮಾರ್ಚ್‌ನಿಂದ ಜಾರಿಗೆ ಬರುತ್ತವೆ ಅಂದಾಗ ಲಂಡನ್‌ನ ಒಂದು ಹಳೇ ಸೈಕಲ್ ಫೋರಮ್ ಇದು ನನ್ನಿಂದಾಗದು, ಮುಚ್ಚುತ್ತೇನೆ ಎಂದು ಘೋಷಿಸಿತ್ತು. ಸಾಲದ್ದಕ್ಕೆ ಎಐ ಕಂಪನಿಗಳ ಬಾಟ್‌ಗಳು ಹಗಲು ರಾತ್ರಿ ಪುಟ ಎಳೆದುಕೊಂಡು ಸಣ್ಣ ಸರ್ವರ್‌ಗಳ ಉಸಿರು ಕಟ್ಟಿಸುತ್ತಿವೆ.

ಹಾಗಾದರೆ ಜನ ಎಲ್ಲಿ ಹೋದರು? ವಾಟ್ಸಾಪ್, ಟೆಲಿಗ್ರಾಂ, ಡಿಸ್ಕಾರ್ಡ್. ನನಗೆ ಕೇಳಿದರೆ ಎರಡರ ಕೆಟ್ಟ ಗುಣಗಳನ್ನೂ ಸೇರಿಸಿದರೆ ಬರುವುದೇ ಇದು. ನ್ಯೂಸ್‌ಗ್ರೂಪ್‌ನ ಗದ್ದಲ ಇದೆ, ಅದರ ಸಂಗ್ರಹ ಇಲ್ಲ. ಫೋರಮ್‌ನ ಓನರ್ ಇದ್ದಾನೆ, ಅದರ ಅಚ್ಚುಕಟ್ಟು ಇಲ್ಲ.

ಅಡಿಕೆ ಬೆಳೆಗಾರರ ಗುಂಪುಗಳಲ್ಲಿ ಮಳೆ ಶುರುವಾಗುವ ಹೊತ್ತಿಗೆ ಬರುವ ಪ್ರಶ್ನೆ ತೆಗೆದುಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಇದು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಹಳೆಯದಾದರೆ ಸತ್ವ ಕಡಿಮೆ. ಆಗ ಯಾರೋ ಅನುಭವಸ್ಥರು ಬರೆಯುತ್ತಾರೆ: ಉಜ್ಜಿ ಹೊಳೆಯುವ ಕತ್ತಿ ಅದ್ದಿ ನೋಡಿ, ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಬಂಗಾರದಂಥ ಉತ್ತರ. ಅದರ ಮೇಲೆ ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬ, ಧಾರಣೆಯ ಪಟ್ಟಿ ಬಂದು ಬೀಳುತ್ತದೆ. ಮುಂದಿನ ವರ್ಷ ಸೇರಿದವರಿಗೆ ಅದು ಕಾಣುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅದೇ ಹಿರಿಯರು ಮತ್ತೆ ಟೈಪ್ ಮಾಡಬೇಕು, ಒಂದು ವರ್ಷ ಅವರು ಬೇಸತ್ತು ಸುಮ್ಮನಾಗುತ್ತಾರೆ.

ಎರಡರ ಒಳ್ಳೆಯದನ್ನು ಸೇರಿಸಿದವರು ಇದ್ದಾರಾ? ಇದ್ದಾರೆ. ಡಿ ಪ್ರೋಗ್ರಾಮಿಂಗ್ ಭಾಷೆಯವರ ಫೋರಮ್ ಬ್ರೌಸರ್‌ನಲ್ಲಿ ನೋಡಿದರೆ ಮಾಮೂಲಿ ವೆಬ್ ಫೋರಮ್. ಹಿಂದೆ ಕೂತಿರುವುದು ನ್ಯೂಸ್‌ಗ್ರೂಪ್. ಒಬ್ಬ ಥಂಡರ್‌ಬರ್ಡ್ ಎಂಬ ಸಾಫ್ಟ್‌ವೇರ್ ಅನ್ನು ನ್ಯೂಸ್‌ರೀಡರ್ ಮಾಡಿಕೊಂಡು ಓದುತ್ತಾನೆ, ಇನ್ನೊಬ್ಬ ಇಮೇಲ್‌ನಲ್ಲಿ, ಮತ್ತೊಬ್ಬ ಬ್ರೌಸರ್‌ನಲ್ಲಿ, ಮಾತು ಒಂದೇ. ಇದಕ್ಕೆ ತೆರುವ ಬೆಲೆಯೂ ಇದೆ: ಒಮ್ಮೆ ಕಳಿಸಿದ ಪೋಸ್ಟ್ ತಿದ್ದಲು ಆಗುವುದಿಲ್ಲ, ಪ್ರತಿಗಳು ಆಗಲೇ ಹೋಗಿಬಿಟ್ಟಿರುತ್ತವಲ್ಲ. ಹೊಸಬರು ಬಂದಾಗಲೆಲ್ಲ ಇದೇ ದೂರು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಬರೆಯುವವರ ಚರ್ಚೆಯ ಸಂಗ್ರಹವನ್ನೂ ಬ್ರೌಸರ್‌ನಲ್ಲಿ ಓದಬಹುದು, ನ್ಯೂಸ್‌ರೀಡರ್‌ನಲ್ಲೂ ಓದಬಹುದು, ಪೂರ್ತಿಯಾಗಿ ಇಳಿಸಿಕೊಳ್ಳಲೂಬಹುದು. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತನ್ನ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲು ಹೇಳಿಕೊಂಡದ್ದು ಕಾಂಪ್.ಓಎಸ್.ಮಿನಿಕ್ಸ್ ನ್ಯೂಸ್‌ಗ್ರೂಪ್‌ನಲ್ಲೇ.

ಲೆಮ್ಮಿ ಎಂಬ ಹೊಸ ಚರ್ಚಾ ವ್ಯವಸ್ಥೆಯನ್ನು ಈಗ ಬಹಳ ಜನ ಹೊಸ ಯೂಸ್‌ನೆಟ್ ಅಂತ ಹೊಗಳುತ್ತಾರೆ. ನಾನು ಅಷ್ಟು ಒಪ್ಪುವುದಿಲ್ಲ. ಅಲ್ಲೂ ಸರ್ವರ್‌ಗಳು ಒಂದಕ್ಕೊಂದು ಪೋಸ್ಟ್ ದಾಟಿಸುತ್ತವೆ, ನಿಜ. ಆದರೆ ಪ್ರತಿ ಸಮುದಾಯಕ್ಕೂ ಒಂದು ತವರು ಸರ್ವರ್ ಇರುತ್ತದೆ, ಅದು ನಿಂತರೆ ಹಳೇ ಪ್ರತಿಗಳು ಬೇರೆ ಕಡೆ ಉಳಿದರೂ ಸಮುದಾಯ ಮುಂದೆ ಸಾಗುವುದಿಲ್ಲ. ಜರ್ಮನ್ ಮಾತಾಡುವವರ ದೊಡ್ಡ ಸರ್ವರ್ ಫೆಡಿಟ್.ಡಿಇ 2024ರಲ್ಲಿ ಕೆಟ್ಟು ನಿಂತಾಗ ಅವರು ಫೆಡಿಟ್.ಆರ್ಗ್ ಅಂತ ಹೊಸದು ಕಟ್ಟಿಕೊಂಡು ಗಂಟು ಮೂಟೆ ಕಟ್ಟಬೇಕಾಯಿತು. ಜರ್ಮನ್‌ಗೆ ಮಂದಿ ಇದ್ದಾರೆ, ಮತ್ತೆ ಕಟ್ಟಿಕೊಂಡರು. ಕನ್ನಡದ ಒಂದು ಸಣ್ಣ ಗುಂಪಿಗೆ ಹಾಗಾದರೆ ಮತ್ತೆ ಅಷ್ಟೇ ಜನ ಸೇರುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಹಾಗಾಗಿ ಕನ್ನಡದಲ್ಲಿ ಯಾರಾದರೂ ಇವತ್ತು ಸಮುದಾಯ ಕಟ್ಟುವುದಾದರೆ ನನ್ನ ಓಟು ವೆಬ್ ಫೋರಮ್‌ಗೇ. ಬಾಗಿಲಲ್ಲಿ ಆಳು ಬೇಕು, ಲಿಪಿ ಸರಿಯಾಗಿ ಕಾಣಬೇಕು, ಹುಡುಕಿದರೆ ಸಿಗಬೇಕು. ಆದರೆ ನ್ಯೂಸ್‌ಗ್ರೂಪ್‌ನಿಂದ ಒಂದು ವಿಷಯ ಎರವಲು ತಂದೇ ತರಬೇಕು: ಪ್ರತಿ ಹೊರಗಿರಬೇಕು. ಡಿಸ್ಕೋರ್ಸ್‌ನಂಥ ಫೋರಮ್ ಸಾಫ್ಟ್‌ವೇರ್‌ನಲ್ಲಿ ಅಡ್ಮಿನ್ ಇಡೀ ಫೋರಮ್‌ನ ಬ್ಯಾಕಪ್ ಅನ್ನು ಒಂದು ಫೈಲ್ ಮಾಡಿ ಇಳಿಸಿಕೊಳ್ಳಬಹುದು. ಅದು ಅವರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದರೆ ಉಪಯೋಗ ಅಷ್ಟಕ್ಕಷ್ಟೇ. ಇಮೇಲ್ ವಿಳಾಸ, ಖಾಸಗಿ ಸಂದೇಶ ತೆಗೆದು, ಸಾರ್ವಜನಿಕ ಮಾತುಕತೆಯನ್ನಷ್ಟೇ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಆಗಾಗ ಹೊರಗಿಡಬೇಕು. ಬರೆದದ್ದು ಯಾವ ಲೈಸೆನ್ಸ್‌ನಲ್ಲಿದೆ ಅನ್ನೋದು ಸೇರುವ ದಿನವೇ ಹೇಳಿರಬೇಕು. ಡೊಮೈನ್ ಒಬ್ಬರ ಕ್ರೆಡಿಟ್ ಕಾರ್ಡ್ ಮೇಲೆ ನಿಂತಿರಬಾರದು. ಓನರ್‌ಗೆ ಮದುವೆಯಾಗುತ್ತದೆ, ಕೆಲಸ ಬದಲಾಗುತ್ತದೆ, ಆಸಕ್ತಿ ಹೋಗುತ್ತದೆ, ಇದೆಲ್ಲ ಸಹಜ.

ಇಂಥದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕನ್ನಡ ವಿಕಿಪೀಡಿಯದ ಚರ್ಚೆಯ ಪುಟ, ಅರಳಿ ಕಟ್ಟೆ ಇದೆ. ಅಲ್ಲಿ ಸಂಪಾದಕರು ಆಡಿದ ಮಾತೆಲ್ಲ ಮುಕ್ತ ಲೈಸೆನ್ಸ್‌ನಲ್ಲಿದೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯದವರು ನಿಯಮಿತವಾಗಿ ಹೊರಬಿಡುವ ಡಂಪ್, ಅಂದರೆ ಪೂರ್ತಿ ಪ್ರತಿ, ಇಳಿಸಿಕೊಂಡರೆ ಅಲ್ಲಿನ ಹಳೇ ಚರ್ಚೆಯೂ ಸಿಗುತ್ತದೆ. ಆದರೆ ಫೋರಮ್ ಆಗಿ ನೋಡಿದರೆ ಅದನ್ನು ಬಳಸುವುದು ತೊಡಕಿನ ಕೆಲಸ. ಮಾತಿನ ಕೊನೆಗೆ ನಾಲ್ಕು ಟಿಲ್ಡೆ (~) ಒತ್ತಿ ಸಹಿ ಹಾಕುವುದು, ಎಷ್ಟು ಕೋಲನ್ ಹಾಕಿದರೆ ಉತ್ತರ ಸರಿಯಾದ ಜಾಗದಲ್ಲಿ ಕೂರುತ್ತದೆ ಅಂತ ಎಣಿಸುವುದು ಎಷ್ಟೋ ಕಾಲ ನಡೆದುಬಂದ ಪದ್ಧತಿ. ಉತ್ತರಿಸಿ ಅನ್ನುವ ಒಂದು ಬಟನ್ ಅಲ್ಲಿಗೆ ಬಂದದ್ದು ತೀರಾ ಈಚೆಗೆ.